ಆಯಿ ಅಂದರೆ ಯಾರು?

ನನ್ನದು ಸಂಶಯದ ಸ್ವಭಾವ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಯಾಕೆ ಹಾಗೆ ಹೇಳುತ್ತಾಳೆ ಎಂಬುದರ ಮೇಲೂ ನನಗೆ ಸಂಶಯವಿದೆ. ಇದೊಂದನ್ನು ಬಿಟ್ಟರೆ ನಾನು ಗಡಿಯಾಚೆ ಮಹಾರಾಷ್ಟ್ರದ ಜತ್ತದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಿರುಪದ್ರವಿ ಮನುಷ್ಯ. ನನಗಿರುವ ಒಬ್ಬರೇ ಗೆಳೆಯರು ನಮ್ಮ ವಿಭಾಗದ ಸಾವಂತ ಸರ್. ದಿನಾ ಮುಂಜಾನೆ ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುವ ಪುಣ್ಯಾತ್ಮರು. ಅಂಥ ಗೆಳೆತನವನ್ನು ಒಂದು ಪ್ರೋಗ್ರಾಮಿನಿಂದ ಕೆಡಿಸಿಕೊಂಡ ಸಾಧನೆ ನನ್ನದು!

ಪಾಠ ಪ್ರೋಗ್ರಾಮಿಂಗಿನ ವರ್ಚುವಲ್ ಫಂಕ್ಷನ್, ಅಂದರೆ ಒಂದೇ ಕರೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಕೆಲಸ. ವಿದ್ಯಾರ್ಥಿಗಳಿಗೆ ತಿಳಿಯಲೆಂದು ನಮ್ಮೂರಿನದೇ ಉದಾಹರಣೆ ಹುಡುಕಿದೆ. ಇಲ್ಲಿ ಕನ್ನಡದ ಮನೆಯಲ್ಲಿ ‘ಆಯಿ’ ಎಂದು ಕೂಗಿದರೆ ಅಜ್ಜಿ ಬರುತ್ತಾಳೆ. ಮರಾಠಿ ಮನೆಯಲ್ಲಿ ಅದೇ ಕೂಗಿಗೆ ತಾಯಿ ಬರುತ್ತಾಳೆ. ಕೂಗು ಒಂದೇ, ಓಗೊಡುವವರು ಬೇರೆ. ಹೀಗಾಗಿ ಪ್ರೋಗ್ರಾಂ ಓಡುವಾಗ ಪ್ರತಿ ಸಲ ‘ಇದು ಯಾವ ಮನೆ?’ ಎಂದು ವಿಚಾರಿಸಿಕೊಂಡೇ ಹೋಗಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಈ ಮಹಾಸತ್ಯವನ್ನು ಪ್ರಾಚಾರ್ಯರ ಸಮಕ್ಷಮ ಸಾಬೀತುಪಡಿಸಲು ನಿರ್ಧರಿಸಿದೆ.

ಪ್ರೋಗ್ರಾಮಿನಲ್ಲಿ ಕನ್ನಡದ ಮನೆಯೊಂದನ್ನು ಬರೆದೆ. ಮರಾಠಿ ಮನೆಯನ್ನು ಆಮೇಲೆ ಬರೆದರಾಯಿತು ಎಂದುಕೊಂಡೆ. ಕೋಟಿ ಸಲ ಆಯಿಯನ್ನು ನೇರವಾಗಿ ಕರೆಸಿದೆ, ಕೋಟಿ ಸಲ ವಿಚಾರಿಸಿಕೊಂಡು ಕರೆಸಿದೆ. ಮನೆಯ ಕಂಪ್ಯೂಟರಿನಲ್ಲಿ ಎರಡನೆಯದು ಚೆನ್ನಾಗಿಯೇ ತಡವಾಯಿತು. ನನ್ನ ಎದೆ ಉಬ್ಬಿತು.

ಮರುದಿನ ಕಾಲೇಜಿನ ಲ್ಯಾಬಿನಲ್ಲಿ, ಪ್ರಾಚಾರ್ಯರ ಎದುರಿಗೆ, ಎರಡಕ್ಕೂ ಒಂದೇ ಸಮ ಹೊತ್ತು ಹಿಡಿಯಿತು!

ಮೊದಲು ಕಂಪ್ಯೂಟರಿನ ಮೇಲೆ ಸಂಶಯಪಟ್ಟೆ. ಆಮೇಲೆ ಕರೆಂಟಿನ ಮೇಲೆ. ಪ್ರಾಚಾರ್ಯರು ಗಡಿಯಾರ ನೋಡಿಕೊಂಡು ಎದ್ದು ಹೋದ ಮೇಲೆ, ಬಾಗಿಲಲ್ಲಿ ನಗುತ್ತ ನಿಂತಿದ್ದ ಸಾವಂತರು ಕಣ್ಣಿಗೆ ಬಿದ್ದರು. ನಾನು ಪ್ರಾಚಾರ್ಯರನ್ನು ಕರೆತರಲು ಹೋಗಿದ್ದಾಗ ಲ್ಯಾಬಿನಲ್ಲಿದ್ದವರು ಅವರೇ!

“ಸಾವಂತ ಸರ, ನನ್ನ ಪ್ರೋಗ್ರಾಮಿಗೆ ಕೈ ಹಚ್ಚೀರಿ, ಹೌದಿಲ್ರಿ?”

“ನಾ ಯಾಕ ಹಚ್ಚಲ್ರಿ? ಕಂಪೈಲರ್ ಏನರೆ ಮಾಡಿರಬೇಕು, ನೋಡ್ರಿ.”

“ಕಂಪೈಲರ್ ಮ್ಯಾಲ ಹಾಕಬ್ಯಾಡ್ರಿ! ಅದಕ್ಕೇನ್ ಹೊಟ್ಟಿಕಿಚ್ಚು ಇರತದೇನ್ರಿ?”

ಸಾವಂತರ ನಗು ಅಲ್ಲಿಗೇ ನಿಂತಿತು. ಅಂದು ಸಂಜೆ ಅವರ ಬೈಕು ನನ್ನನ್ನು ಬಿಟ್ಟೇ ಹೋಯಿತು. ನಡೆದುಕೊಂಡು ಮನೆಗೆ ಬಂದೆ. ಲ್ಯಾಬಿನಿಂದ ತಂದಿದ್ದ ಪ್ರತಿಯನ್ನು ಸಿಟ್ಟಿನಲ್ಲಿ ತೆರೆದು, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಆ ಕಂಪೈಲರ್ ಕೊನೆಗೆ ಏನು ಬರೆದಿಟ್ಟಿದೆ ಎಂದು ನೋಡಿದೆ.

ವಿಚಾರಣೆಯೇ ಇಲ್ಲ! ಕಂಪೈಲರ್ ನನ್ನ ಪ್ರೋಗ್ರಾಮನ್ನು ಪೂರ್ತಿ ಓದಿತ್ತು. ಮನೆ ಕಟ್ಟಿದ್ದು ಅದರ ಕಣ್ಣೆದುರಿಗೇ. ಅದು ಕನ್ನಡದ್ದೆಂದು ಖಚಿತ. ಅಂದ ಮೇಲೆ ಕೇಳುವುದೇನು ಬಂತು ಎಂದು ನೇರವಾಗಿ ಅಜ್ಜಿಯ ಹತ್ತಿರ ಹೋಗಿತ್ತು. ಅಜ್ಜಿಯ ಕೆಲಸವೂ ಚಿಕ್ಕದೆಂದು ಕಂಡು, ಆ ಕೆಲಸವನ್ನೇ ಎತ್ತಿ ತಂದು ಕರೆಯುವ ಜಾಗದಲ್ಲಿ ಇಟ್ಟುಬಿಟ್ಟಿತ್ತು. ನಾನು ಕೋಟಿ ಸಲ ಕೂಗಲು ಹೇಳಿದ್ದೆ. ಅದು ಒಮ್ಮೆಯೂ ಕೂಗಿರಲಿಲ್ಲ!

ಮನೆಯಲ್ಲಿ ಹೀಗೇಕೆ ಆಗಲಿಲ್ಲ? ಇಷ್ಟೆಲ್ಲ ಜಾಣತನ ತೋರಿಸು ಎಂದು ಕಂಪೈಲರಿಗೆ ಹೇಳುವ ಸೆಟ್ಟಿಂಗ್ ಲ್ಯಾಬಿನಲ್ಲಿ ಮಾತ್ರ ಇತ್ತು. ಹಿಂದಿನ ವಾರ ಅದನ್ನು ಹಾಕಿ, ‘ಯಾರೂ ಬದಲಿಸಬಾರದು’ ಎಂದು ಚೀಟಿ ಅಂಟಿಸಿ, ಕೆಳಗೆ ಸಹಿ ಮಾಡಿದ ಮಹಾಶಯ ನಾನೇ.

ಗಿರಿಜಾ ಕೇಳಿದಳು: “ಈಗ ಯಾರ ಮ್ಯಾಲ ಸಂಶೆ ಬಂತ್ರಿ?”

“ನನ್ನ ಮ್ಯಾಲ.”

“ಇದೊಂದು ಬರೋಬ್ಬರಿ ಬಂತು ನೋಡ್ರಿ. ಲಗೂನ ಹೋಗಿ ಮಾಫಿ ಕೇಳ್ರಿ.”

ಹೋದೆ. ಸಾವಂತರ ತಾಯಿ ಊರಿಂದ ಬಂದಿದ್ದಾರೆಂದು ಗೊತ್ತಿತ್ತು. ಮೊದಲು ಆ ಹಿರಿಯರನ್ನು ಒಲಿಸಿಕೊಂಡರೆ ಮಗ ತಾನಾಗಿ ಮೆತ್ತಗಾಗುತ್ತಾರೆ ಎಂಬುದು ನನ್ನ ಯೋಜನೆ. ಬಾಗಿಲು ತೆರೆದ ಸಾವಂತರ ಮಗಳು ಅಚ್ಚ ಕನ್ನಡದಲ್ಲಿ “ಬರ್ರಿ ಸರ, ಕುಂದ್ರಿ” ಎಂದಳು. ಒಳಗೆ ತಿರುಗಿ “ಆಯಿ!” ಎಂದು ಕೂಗಿದಳು.

ಆಯಿ ಬಂದರು. ಅಪರಾಧಿಯಂತೆ ತಲೆ ತಗ್ಗಿಸಿದ್ದರಿಂದ ನನಗೆ ಕಂಡದ್ದು ಎರಡು ಪಾದಗಳು ಮಾತ್ರ. ತಡಮಾಡದೆ ಹಿಡಿದೆ.

“ಆಯಿ, ನಿಮ್ಮ ಮಗ ನನ್ನ ಮ್ಯಾಲ ಭಾಳ ಸಿಟ್ಟಾಗ್ಯಾರ. ನೀವs ತಿಳಿಸಿ ಹೇಳ್ರಿ. ನಿಮ್ಮ ಮಾತು ಮೀರಾಂಗಿಲ್ಲ.”

ಪಾದಗಳು ಎರಡು ಹೆಜ್ಜೆ ಹಿಂದೆ ಸರಿದವು.

“ಏಳ್ರಿ ಸರ. ನನಗ ಮಗಾ ಇಲ್ಲ. ಗಂಡ ಒಬ್ಬರು ಅದಾರ.”

ತಲೆ ಎತ್ತಿದೆ. ಸಾವಂತರ ಹೆಂಡತಿ! ಮಗಳು ಕನ್ನಡ ಮಾತಾಡಿದರೂ ಸಾವಂತರದು ಮರಾಠಿ ಮನೆ. ಮರಾಠಿ ಮನೆಯಲ್ಲಿ ಆಯಿ ಅಂದರೆ ತಾಯಿ ಎಂದು ಇಡೀ ತರಗತಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವನು ನಾನು.

ಪಡಸಾಲೆಯಲ್ಲಿದ್ದ ಸಾವಂತರು ನಕ್ಕು ನಕ್ಕು ಕೆಮ್ಮಿದರು. “ಕಂಪೈಲರ್ ಖಾತ್ರಿ ಮಾಡ್ಕೊಂಡು ಕೇಳೂದು ಬಿಡತದ್ರಿ ಸರ. ನೀವು ಖಾತ್ರಿನೂ ಮಾಡಲಿಲ್ಲ, ಕೇಳಲೂ ಇಲ್ಲ!” ಎಂದರು. ಚಹಾ ಕುಡಿಸಿ, ಎಲ್ಲವನ್ನೂ ಮರೆತೆನೆಂದು ಹೇಳಿ ಕಳಿಸಿದರು. ಇಷ್ಟು ಬೇಗ ಮರೆತರೇ ಎಂದು ದಾರಿಯುದ್ದಕ್ಕೂ ಸಂಶಯಪಟ್ಟೆ.

ಮುಂಜಾನೆ ಬೈಕು ಬಂದು ನಮ್ಮ ಮನೆ ಮುಂದೆ ನಿಂತಿತು. ಸಾವಂತರ ಹಿಂದೆ ನನ್ನ ಜಾಗದಲ್ಲಿ ಅವರ ಹೆಂಡತಿ ಕೂತಿದ್ದರು.

“ಸರ, ಇವತ್ತ ನನ್ನ ಮಗನ ಜೋಡಿ ಬಜಾರಕ್ಕ ಹೊಂಟೀನಿ. ನೀವು ನಡಕೋತ ಬರ್ರಿ.”

ಬೈಕು ಹೋಯಿತು. ಇದರಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ.