ಬೀರೇಶನ ಗ್ರೈಂಡರಿಗೆ ಕುಂಕುಮ

ಎಲ್ಲಕ್ಕೂ ಮೂಲ ಒಂದು ಮೊಂಡು ಮಚ್ಚು. ಆರು ತಿಂಗಳ ಹಿಂದೆ ಬಾಣಾವರದ ಬೀರೇಶ ನೆಂಟರಿಗೆ ಎಳನೀರು ಕೆತ್ತಿಕೊಡಲು ಹೋದ. ಮಚ್ಚು ಜಾರಿತು, ಕಾಯಿ ಸೀದಾ ಭಾವಮೈದುನನ ಮಡಿಲಿಗೆ ಹೋಗಿ ಬಿತ್ತು. ಅವತ್ತೇ ತೀರ್ಮಾನಿಸಿದ, ಮನೆಯಲ್ಲೊಂದು ಬೆಲ್ಟ್ ಗ್ರೈಂಡರ್ ಇರಲೇಬೇಕು. ಗಾಲಿಗಳ ಮೇಲೆ ಉಪ್ಪುಕಾಗದದ ಪಟ್ಟಿ ಗಿರ್ರನೆ ಓಡಬೇಕು, ಒಡ್ಡಿದ ಕಬ್ಬಿಣ ಫಳಫಳ ಹರಿತವಾಗಬೇಕು.

ಕೊಂಡುಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದ ಮನೆಯ ನಂಜುಂಡಯ್ಯ ಮೇಷ್ಟ್ರು ಬಾಯಿ ಬಡಿದುಕೊಂಡರು. "ಮೊಬೈಲಲ್ಲಿ ಒಂದು ಬಟನ್ ಒತ್ತಪ್ಪ, ನಾಡಿದ್ದು ಬಾಗಿಲಿಗೆ ಬರುತ್ತೆ."

ಎದುರು ಮನೆಯ ಮರಿಯಣ್ಣ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಅವನು ಉರಿದುಬಿದ್ದ. "ಕೊಂಡ್ಕಂಬಂದ್ರೆ ಅದ್ರಾಗೇನ್ಲಾ ಗತ್ತು? ನನ್ ಗಿರಣಿ ಪುಲ್ಲಿ ಕೊಡ್ತೀನಿ, ನೀನೇ ಮಾಡ್ಲಾ!"

ಹೈಸ್ಕೂಲಿನ ಗುಮಾಸ್ತ ಬೀರೇಶನಿಗೂ ಗತ್ತಿಗೂ ಅಲ್ಲಿಯವರೆಗೆ ಯಾರೂ ಸಂಬಂಧ ಕಲ್ಪಿಸಿರಲಿಲ್ಲ. ಉಬ್ಬಿಹೋದ. ದಿನವಿಡೀ ಕೂತು ಪರರ ಮಕ್ಕಳ ಟಿ.ಸಿ. ಬರೆಯುವವನಿಗೆ, ತನ್ನ ಕೈಯಾರೆ ಮಾಡಿದ್ದೊಂದು ತಿರುಗುವುದನ್ನು ನೋಡುವ ಆಸೆ ಇರುವುದಿಲ್ಲವೆ?

ಅಂದಿನಿಂದ ಮನೆಯ ಸಾಮಾನು ಒಂದೊಂದಾಗಿ ಹಿತ್ತಲ ಶೆಡ್ಡು ಸೇರಿತು. ಹಳೇ ಪಂಪಿನ ಮೋಟಾರು ಹೋಯಿತು, ಮೊಪೆಡ್ಡಿನ ಸೀಟಿನ ಸ್ಪ್ರಿಂಗು ಹೋಯಿತು. ಪಟ್ಟಿ ಉರುಳಲು ಸರಿಯಾದ ದಪ್ಪವೆಂದು ಲಟ್ಟಣಿಗೆಯೂ ಹೋಯಿತು. ಹೆಂಡತಿ ಹೇಮಲತಾ ನೀರಿನ ಬಾಟಲಿಯಲ್ಲಿ ಚಪಾತಿ ಲಟ್ಟಿಸತೊಡಗಿದಳು. ಅವಳಿಗೂ ಆ ಶೆಡ್ಡು ಬೇಕಿತ್ತು. ಕೋಣೆಯ ಮೂಲೆಯಲ್ಲಿದ್ದ ಹೊಲಿಗೆ ಮಿಷಿನ್ನು ಅಲ್ಲಿ ಹಾಕಿ ಬೀದಿಯವರಿಗೆಲ್ಲ ರವಿಕೆ ಹೊಲಿಯಬೇಕೆಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು.

ಜಗಳವಾಡಿ ಸಾಕಾಗಿ ಒಪ್ಪಂದವಾಯಿತು. ಆಯುಧಪೂಜೆಯ ದಿನ ಹೊತ್ತು ಮುಳುಗುವುದರೊಳಗೆ ಗ್ರೈಂಡರ್ ತಿರುಗಿದರೆ ಶೆಡ್ಡು ಅವನದು, ಇಲ್ಲದಿದ್ದರೆ ಅವಳದು. ಸಾಕ್ಷಿ ಬೀರೇಶನ ತಾಯಿ ಕೆಂಪಲಕ್ಷ್ಮಮ್ಮ. ಮೊದಲು ಅದು ಅವರ ಕೊಬ್ಬರಿ ಶೆಡ್ಡೇ. ಮಗ ಮೋಟಾರು ತಂದಂದಿನಿಂದ ಅವರ ತೆಂಗಿನಕಾಯಿಗಳು ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು.

"ಯಾರಾನಾ ಇಟ್ಕಳ್ರಪ್ಪ, ನಂಗ್ಯಾಕೆ?" ಎಂದು ಮುದುಕಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಿತು.

ಆಯುಧಪೂಜೆ ಬಂದೇ ಬಂತು. ಬೆಳಿಗ್ಗೆ ಎಂಟಕ್ಕೆ ಬೀರೇಶ ದೇವರನ್ನು ನೆನೆದು ಸ್ವಿಚ್ಚು ಒತ್ತಿದ. ಉಪ್ಪುಕಾಗದದ ಪಟ್ಟಿ ಚಂಗನೆ ಹಾರಿ ಕಾಂಪೌಂಡು ದಾಟಿತು. ಮೇಷ್ಟ್ರು ಅದನ್ನು ಹಿಡಿದುಕೊಂಡು ಬಂದರು.

"ಏನಪ್ಪಾ, ನಾನು ಆರ್ಡರೇ ಮಾಡಿರ್ಲಿಲ್ಲ, ನಮ್ಮನೆಗೆ ಡೆಲಿವರಿ ಆಯ್ತಲ್ಲ!"

ಮರಿಯಣ್ಣ ಪುಲ್ಲಿಗೆ ನಾಲ್ಕೇಟು ಬಡಿದು ನೆಟ್ಟಗೆ ಮಾಡಿದ. ಎರಡನೇ ಸಲ ಪಟ್ಟಿ ಇದ್ದಲ್ಲೇ ಇತ್ತು, ಲಟ್ಟಣಿಗೆ ಹಾರಿತು. ಹಾರಿದ್ದು ಮರಿಯಣ್ಣನ ಮೊಣಕಾಲಿಗೆ.

"ಅಯ್ಯಯ್ಯಪ್ಪೋ! ಕೊಂಡ್ಕಂಬಿಡ್ಲಾ ಬೀರೇಶ, ಗತ್ತು ಮನೆ ಹಾಳಾಗ್ಲಿ!"

"ಸೋತ್ರಾ?" ಅಂದರು ಮೇಷ್ಟ್ರು. ಅಷ್ಟು ಸಾಕಾಯಿತು, ಮರಿಯಣ್ಣ ಕುಂಟುತ್ತಲೇ ಮತ್ತೆ ಸ್ಪ್ಯಾನರ್ ಹಿಡಿದ.

ಮಧ್ಯಾಹ್ನ ಎರಡಕ್ಕೆ ಎಲ್ಲ ಸರಿಹೋಯಿತು. ಕೈಯಲ್ಲಿ ತಿರುಗಿಸಿದರೆ ಪಟ್ಟಿ ಬೆಣ್ಣೆಯ ಹಾಗೆ ಓಡಿತು. ಬೀರೇಶ ಸ್ವಿಚ್ಚು ಒತ್ತಿದ. ಸದ್ದಿಲ್ಲ. ಕರೆಂಟು ಹೋಗಿತ್ತು.

ಹೇಮಲತಾ ಟೇಪು ಹಿಡಿದು ಶೆಡ್ಡಿನ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಿದ್ದಳು. "ಹಂಗ್ಯಾಕ್ ನೋಡ್ತೀರಾ? ಕರೆಂಟು ನಾನು ತೆಗ್ಸಿಲ್ಲ ಕಣ್ರೀ."

ಬೀರೇಶ ಮತ್ತೆರಡು ಸಲ ಸ್ವಿಚ್ಚು ಒತ್ತಿ ನೋಡಿದ. ಆರು ತಿಂಗಳ ಬೆವರು ಹೀಗೆ ನೀರುಪಾಲಾಗುವುದೇ? ಅಷ್ಟರಲ್ಲಿ ತಾಯಿ ಬಂದರು.

"ಹಬ್ಬದ ದಿನ ಈ ಕಸದಾಗೆ ಪೂಜೆ ಮಾಡಾಕಾಯ್ತದೇನ್ಲಾ? ಮಿಷಿನ್ ಜಗಲಿಗೆ ತಂದಿಡು. ನಿನ್ ಹೆಂಡ್ರು ಹೊಲ್ಗೆ ಮಿಷಿನ್ನೂ ಬರ್ಲಿ. ಕರೆಂಟ್ ಬಂದ್ರೆ ಅಲ್ಲೂ ಪ್ಲಗ್ ಐತೆ."

ಹೌದಲ್ಲ ಅನ್ನಿಸಿತು. ಏದುಸಿರು ಬಿಡುತ್ತ ಎರಡು ಮಿಷಿನ್ನನ್ನೂ ಜಗಲಿಗೆ ಹೊತ್ತರು. ಗಂಡ ಹೆಂಡತಿ ಸ್ನಾನ ಮಾಡಿ ಮಡಿಯುಟ್ಟು ಬರುವ ಹೊತ್ತಿಗೆ ಐದು ಗಂಟೆ. ಒಳಗೆ ಫ್ಯಾನು ತಿರುಗಿತು. ಕರೆಂಟು! ಬೀರೇಶ ಒದ್ದೆ ತಲೆಯಲ್ಲೇ ಓಡಿದ.

"ಮುಟ್ಬ್ಯಾಡ!" ಎಂದಿತು ಮುದುಕಿ.

ಮೋಟಾರಿಗೆ ಅಗಲವಾದ ಕುಂಕುಮ. ಲಟ್ಟಣಿಗೆಗೆ ಮೂರು ಗೀಟು ವಿಭೂತಿ, ಪುಲ್ಲಿಗೆ ಚೆಂಡುಹೂವು.

"ಪೂಜೆಗಿಟ್ಟ ಆಯುಧ ನಾಳೀಕ್ ಗಂಟ ಮುಟ್ಟಂಗಿಲ್ಲ. ನಿಮ್ಮಪ್ಪ ಮುಟ್ತಿದ್ನಾ?"

"ಅವ್ವಾ, ಹೊತ್ತು ಮುಳುಗ್ತೈತೆ!"

"ಮುಳುಗ್ಲಿ. ನಾನೇನ್ ಹಿಡ್ಕಂಡಿದೀನಾ?"

ಹೇಮಲತಾ ಚಪ್ಪಾಳೆ ತಟ್ಟಿದಳು. "ಅಂದ್ರೆ ಶೆಡ್ಡು ನಂದು!" ಸೆರಗು ಸಿಕ್ಕಿಸಿ ಹೊಲಿಗೆ ಮಿಷಿನ್ನಿಗೆ ಕೈಹಾಕಿದಳು. ಅದರ ಹಣೆಯ ಮೇಲೂ ಕುಂಕುಮ.

"ಅದೂ ಅಷ್ಟೇಯ," ಎಂದರು ಅತ್ತೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಗು ತಡೆಯಲಾಗಲಿಲ್ಲ. ಹಳೇ ಒಪ್ಪಂದ ಬಿಟ್ಟು, ನಾಳೆ ಬೆಳಿಗ್ಗೆ ಯಾರು ಮೊದಲು ಮಿಷಿನ್ನು ಹೊತ್ತು ತಂದರೆ ಅವರಿಗೆ ಶೆಡ್ಡು ಎಂದು ಹೊಸ ಪಂದ್ಯ ಕಟ್ಟಿಕೊಂಡು, ಜಾಗ ನೋಡಲು ಇಬ್ಬರೂ ಹಿತ್ತಲಿಗೆ ಹೋದರು.

ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದಿಂದ ಅಟ್ಟದವರೆಗೆ ತೆಂಗಿನಕಾಯಿ. ಬದುಕಿನಲ್ಲಿ ಒಂದು ಮಾತಿಗೂ ಒಪ್ಪದ ಮೇಷ್ಟ್ರು, ಮರಿಯಣ್ಣ ಇಬ್ಬರೂ ಸೇರಿ ಕೊನೆಯ ಮಂಕರಿ ಸುರಿಯುತ್ತಿದ್ದರು.

"ನಿಮ್ಮವ್ವ ಹೇಳಿದ್ರು ಕಣಪ್ಪ, ನೀವಿಬ್ರೂ ಒಪ್ಪಿದೀರಂತೆ," ಅಂದರು ಮೇಷ್ಟ್ರು.

ಕೆಂಪಲಕ್ಷ್ಮಮ್ಮ ಹಿಂದಿನಿಂದ ನಿಧಾನವಾಗಿ ಬಂದರು. "ಒಂದ್ಸಲ ಅಟ್ಟಕ್ಕಾಕಿದ್ ಕಾಯಿ ಕೊಬ್ಬರಿ ಆಗೋಗಂಟ ಅಲ್ಲಾಡಿಸಂಗಿಲ್ಲ. ಗೊತ್ತಲ್ಲ?"

"ಯಾವಾಗಾಗ್ತದವ್ವಾ?"

"ಮುಂದಿನ್ ಆಯುಧಪೂಜೆಗೆ."

ಬೀರೇಶ ಮಂಕರಿ ಬೋರಲು ಹಾಕಿ ಅದರ ಮೇಲೆ ಕುಸಿದು ಕೂತ. ಹೇಮಲತಾ ಪಕ್ಕದಲ್ಲೇ ಕೂತಳು.

"ಜಗಲಿ ಐತಲ್ಲ, ಬಿಡ್ರಿ. ನಂದು ಕಾಲಲ್ಲಿ ತುಳಿಯೋ ಮಿಷಿನ್ನು, ಪ್ಲಗ್ ನೀವೇ ಇಟ್ಕಳಿ. ನಾಳೆ ಮೊದ್ಲು ನನ್ ಕತ್ರಿ ಸಾಣೆ ಹಿಡೀಬೇಕು, ಅಷ್ಟೇ."

ಅವನ ಮುಖ ಅರಳಿತು. "ತಿರುಗ್ತೈತೆ ಅಂತೀಯೇನೇ?"

"ತಿರುಗ್ದೆ ಏನು? ತಿರುಗ್ದಿದ್ರೆ ನನ್ ಲಟ್ಟಣಿಗೆ ವಾಪಸ್ ಕೊಡಿ."