ದೊಡ್ಡ ಡ್ರಮ್ಮಿನ ಮರೆಯಲ್ಲಿ

ಮಿಲನ್ ಸ್ಕೂಲ್ ಬ್ಯಾಂಡ್ ಸೇರಿದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ದೊಡ್ಡ ಡ್ರಮ್ಮಿನ ಗಾತ್ರ ನೋಡಿ. ಅದನ್ನು ಕೊರಳಿಗೆ ಹಾಕಿಕೊಂಡು ನಿಂತರೆ ಎದುರಿನವರಿಗೆ ಮೇಲೆ ಒಂದಿಷ್ಟು ಕೂದಲು, ಕೆಳಗೆ ಎರಡು ಬೂಟು, ಇಷ್ಟೇ ಕಾಣುತ್ತಿತ್ತು. ಒಂಬತ್ತನೇ ಕ್ಲಾಸಿನ ಈ ಹುಡುಗನಿಗೆ ಜೀವನದಲ್ಲಿ ಬೇಕಾಗಿದ್ದುದೂ ಅಷ್ಟೇ, ಯಾರಿಗೂ ಕಾಣದೆ ಇರುವುದು.

ಅವನದು ಅಂತಿಂಥ ನಾಚಿಕೆಯಲ್ಲ. ಹಾಜರಿ ಕರೆಯುವಾಗ ತನ್ನ ಹೆಸರು ಇನ್ನೂ ನಾಲ್ಕು ಹೆಸರು ದೂರವಿರುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ 'ಸ್ಟಾಪ್' ಎಂದು ಕೂಗಲು ಬಾಯಿ ಬಾರದೆ, ಬೇರೆ ಯಾರಾದರೂ ಇಳಿಯುವಲ್ಲಿ ತಾನೂ ಇಳಿದು, ಹಿಂದಕ್ಕೆ ನಡೆದು ಮನೆ ಸೇರುತ್ತಿದ್ದ. ಒಂದು ದಿನ ದಾರಿಯಲ್ಲಿ ಯಾರೂ ಇಳಿಯದೆ ವಿರಾಜಪೇಟೆಯವರೆಗೂ ಹೋಗಿಬಿಟ್ಟ. ಅಲ್ಲಿ ಕೇಳದೆಯೇ ಎಲ್ಲರನ್ನೂ ಇಳಿಸುತ್ತಾರೆ. ಆ ಬಸ್ ಸ್ಟ್ಯಾಂಡಿನ ಮೇಲೆ ಅವನಿಗೆ ಇವತ್ತಿಗೂ ಒಂದು ಗೌರವ.

ಇಂಥವನಿಗೆ ಈ ಜನವರಿಯಲ್ಲಿ ಸಂಕಟ ತಂದಿಟ್ಟವರು ಪಿ.ಟಿ. ಮೇಷ್ಟ್ರು ಚಿದಾನಂದ. ಗಣರಾಜ್ಯೋತ್ಸವದ ದಿನ ಒಂಬತ್ತನೇ ಕ್ಲಾಸಿನವರು ಒಬ್ಬರೂ ಸುಮ್ಮನೆ ಕೂರಬಾರದೆಂದು ಅವರ ಹಟ. ಡ್ಯಾನ್ಸು, ಡ್ರಿಲ್ಲು ಎಲ್ಲ ಭರ್ತಿಯಾಗಿ ಕೊನೆಗೆ ಎರಡೇ ಜಾಗ ಉಳಿದವು. ಒಂದು, ಬ್ಯಾಂಡಿನ ದೊಡ್ಡ ಡ್ರಮ್. ಇನ್ನೊಂದು, ನಾನೂರು ಜನರೆದುರು ವೇದಿಕೆ ಹತ್ತಿ ಮೂರು ನಿಮಿಷ ಭಾಷಣ. ಮಿಲನ್ ಹುಟ್ಟಿದ ಮೇಲೆ ಮೊದಲ ಸಲ ಕೈಯೆತ್ತಿ ಏನನ್ನಾದರೂ ಕೇಳಿ ಪಡೆದಿದ್ದರೆ ಅದು ಆ ಡ್ರಮ್.

ತೊಂದರೆಯೇನೆಂದರೆ, ಡ್ರಮ್ ಎಂದ ಮೇಲೆ ಸದ್ದು ಮಾಡಬೇಕು. ಸದ್ದು ಮಾಡಿದರೆ ಜನ ತಿರುಗಿ ನೋಡುತ್ತಾರೆ. ಆದ್ದರಿಂದ ಮಿಲನ್ ಡ್ರಮ್ಮನ್ನು ಬಾರಿಸುತ್ತಿರಲಿಲ್ಲ, ನಿದ್ದೆ ಹತ್ತಿದ ಮಗುವನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. ಹಬ್ಬದ ಹಿಂದಿನ ದಿನ, ಶನಿವಾರ ಬೆಳಗಿನ ಕೊನೆಯ ಪ್ರಾಕ್ಟೀಸಿನಲ್ಲಿ ಚಿದಾನಂದ ಮೇಷ್ಟ್ರಿಗೆ ತಾಳ್ಮೆ ಮುಗಿಯಿತು.

"ಮಿಲನ್, ನಾನು ಗೇಟಿನತ್ರ ನಿಂತಿದ್ದೆ. ನಂಗೆ ಏನೂ ಕೇಳ್ಲಿಲ್ಲ. ನೀನು ಡ್ರಮ್ ಬಾರಿಸ್ತಿದೀಯಾ, ಧೂಳು ಕೊಡವ್ತಿದೀಯಾ?"

"ಬಾರಿಸ್ತಿದೀನಿ ಸಾರ್," ಎಂದ ಮಿಲನ್. ಅದೂ ಅವರಿಗೆ ಕೇಳಿಸಲಿಲ್ಲ.

"ಇದನ್ನ ಮನೆಗೆ ತಗೊಂಡು ಹೋಗು. ಇವತ್ತಿಡೀ ಬಾರ್ಸು. ನಾಳೆ ಬೆಳಗ್ಗೆ ಗೇಟಿಗೆ ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ಡ್ರಮ್ ಬೇರೆಯವ್ರಿಗೆ, ಭಾಷಣ ನಿಂಗೆ." ಮೇಷ್ಟ್ರು ತಮ್ಮ ಅಂಗಿಯ ಜೇಬು ತಟ್ಟಿಕೊಂಡರು. ಭಾಷಣದ ಕಾಗದ ಅಲ್ಲಿಂದ ತುಸುವೇ ತಲೆ ಹೊರಹಾಕಿ ನೋಡುತ್ತಿತ್ತು.

ಆ ದಿನ ಬಸ್ಸಿನ ಡ್ರೈವರು ಡ್ರಮ್ ನೋಡಿ ಪಾಪ ಎಂದು ಮನೆಯೆದುರೇ ನಿಲ್ಲಿಸಿದ. ಮಿಲನ್ ಮನಸ್ಸಿನಲ್ಲೇ ಅವನಿಗೆ ಕೈಮುಗಿದ. ಅಪ್ಪ ಅಮ್ಮ ಸುಳ್ಯಕ್ಕೆ ಮದುವೆಗೆ ಹೋಗಿದ್ದರು. ಅಜ್ಜಿ ಬೊಳ್ಳಮ್ಮ ಒಬ್ಬರೇ ಕಣದಲ್ಲಿ ಕಾಫಿ ಹರಡುತ್ತಿದ್ದರು.

"ಎಂತ ಮಗಾ ಇದು, ಇಷ್ಟ್ ದೊಡ್ಡ ಡಬ್ಬ?"

"ಡ್ರಮ್ ಅಜ್ಜಿ. ನಾಳೆಗೆ ಪ್ರಾಕ್ಟೀಸ್ ಮಾಡ್ಬೇಕು."

"ಇಲ್ಲೇ ಬಾರ್ಸು. ನಂಗೂ ಹೊತ್ತು ಹೋದೀತು."

ಇಲ್ಲೆಂದರೆ ರಸ್ತೆ ಬದಿ. ಪಕ್ಕದಲ್ಲೇ ದೇರಪ್ಪನವರ ಮನೆ. ಮಿಲಿಟರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದ ದೇರಪ್ಪ ಸುತ್ತಮುತ್ತಲಿನ ಎಲೆ ಅಲುಗಿದರೂ ಕಾರಣ ವಿಚಾರಿಸುವವರು. ಮಿಲನ್ ಎರಡು ತುತ್ತು ಉಂಡು, ಡ್ರಮ್ ಹೊತ್ತು ತೋಟದೊಳಗೆ ಇಳಿದ. ತೋಟ ಮುಗಿಯುವಲ್ಲಿ ಒಂದು ಸಣ್ಣ ತೋಡು ಹರಿಯುತ್ತದೆ, ಅದರ ದಡದಲ್ಲಿ ಬಿದಿರು ಮೆಳೆ. ಅಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ. ಅವನು ಸ್ವೆಟರು ಬಿಚ್ಚಿಟ್ಟು, ಕಣ್ಣು ಮುಚ್ಚಿ, ಮೇಷ್ಟ್ರ ಜೇಬನ್ನು ನೆನೆದು ಹೊಡೆದ.

ಢಂ. ಢಂ. ಢಂ.

ಹಾಯೆನಿಸಿತು. ಇಷ್ಟು ವರ್ಷ ನುಂಗಿಕೊಂಡ ಮಾತೆಲ್ಲ ಆ ತೊಗಲಿನಿಂದ ಹೊರಬಂದ ಹಾಗಾಯಿತು. ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಬಾರಿಸುತ್ತಲೇ ಹೋದ.

ಈ ಭಾಗದಲ್ಲಿ ಒಂದು ಪದ್ಧತಿಯುಂಟು. ತೋಟಕ್ಕೆ ಆನೆ ಬಂದರೆ ಮೊದಲು ಕಂಡವರು ಕೈಗೆ ಸಿಕ್ಕ ಡಬ್ಬವನ್ನೋ ತಗಡನ್ನೋ ಬಡಿಯುತ್ತಾರೆ. ಅದನ್ನು ಕೇಳಿದವರು ತಮ್ಮದನ್ನು ಬಡಿಯುತ್ತಾರೆ. ಹೀಗೆ ಸುದ್ದಿ ಮನೆಯಿಂದ ಮನೆಗೆ ಹೋಗುತ್ತದೆ. ಎಲ್ಲಿ, ಎಷ್ಟು ಎಂದು ಯಾರೂ ಮೊದಲು ಕೇಳುವುದಿಲ್ಲ. ಮೊದಲು ಬಡಿಯುವುದು, ಆಮೇಲೆ ಕೇಳುವುದು. ಮಿಲನ್ ಕೂಡ ಚಿಕ್ಕಂದಿನಿಂದ ಎಷ್ಟೋ ಸಲ ಡಬ್ಬ ಬಡಿದವನೇ. ಆದರೆ ಈಗ ಅವನ ತಲೆಯಲ್ಲಿ ನಾಳೆಯ ಗೇಟು ಬಿಟ್ಟರೆ ಬೇರೇನೂ ಇರಲಿಲ್ಲ.

ಹತ್ತು ನಿಮಿಷವಾಗಿರಬಹುದು. ಮೇಲಿನಿಂದ ಟಣ ಟಣ ಟಣ ಎಂದು ತಗಡಿನ ಸದ್ದು ಬಂತು. ಬೆನ್ನಿಗೇ ಪಕ್ಕದ ಎಸ್ಟೇಟಿನ ಗಂಟೆ. ಆಮೇಲೆ ಪಟಾಕಿ. ಆಮೇಲೆ ದೇರಪ್ಪನವರ ಗಂಟಲು: "ಆನೆ, ಆನೆ. ಎಲ್ರೂ ಮೇಲೆ ಬನ್ನಿ."

ಮಿಲನ್ ಬಾರಿಸುವುದನ್ನು ನಿಲ್ಲಿಸಿದ. ಅಯ್ಯೋ, ಆನೆ ಬಂದಿದೆ, ತಾನೊಬ್ಬನೇ ಇಲ್ಲಿ. ಡ್ರಮ್ಮನ್ನು ಅಲ್ಲೇ ಬಿಸಾಕಿ, ಸ್ವೆಟರನ್ನೂ ಬಿಟ್ಟು, ಕಾಫಿ ಗಿಡಗಳ ನಡುವೆ ಬಿದ್ದು ಎದ್ದು ಓಡಿದ.

ಮನೆಯ ಕಣ ಆಗಲೇ ತುಂಬಿತ್ತು. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್‌ಗೆ ಬಂದಿದ್ದ ಇಪ್ಪತ್ತು ಮಂದಿ ಹೆಂಗಸರು ಸೊಂಟದ ಚೀಲ ಸಮೇತ ಬಂದು ನಿಂತಿದ್ದರು. ಅವರ ಮೇಲ್ವಿಚಾರಕ, ಎಸ್ಟೇಟಿನ ರೈಟರ್ ರೇವಣ್ಣ, ತಲೆ ಎಣಿಸುತ್ತಿದ್ದ. ಹೆಗಲಲ್ಲಿ ಕೋವಿ, ಕೈಯಲ್ಲಿ ಫೋನ್ ಹಿಡಿದ ದೇರಪ್ಪ ನಡುವೆ ನಿಂತಿದ್ದರು. 'ಆನೆ ಮಾಹಿತಿ' ವಾಟ್ಸಾಪ್ ಗ್ರೂಪಿನ ಅಡ್ಮಿನ್ ಅವರೇ.

"ಫಸ್ಟ್ ಸದ್ದು ತೋಡಿನ ಕಡೆಯಿಂದ," ದೇರಪ್ಪ ವಿವರಿಸುತ್ತಿದ್ದರು. "ಢಂ ಢಂ ಢಂ. ಸ್ವಲ್ಪ ಗ್ಯಾಪ್. ಮತ್ತೆ ಢಂ ಢಂ ಢಂ. ಬಾರಿಸಿದವ್ನು ಯಾರೋ ಧೈರ್ಯಸ್ಥ ಮಾರಾಯ. ಓಡ್ಲಿಲ್ಲ, ನಿಂತು ಬಾರಿಸಿದ್ದಾನೆ."

ಮಿಲನ್ ನಿಂತಲ್ಲೇ ನಿಂತ. ಅವನ ಓಟಕ್ಕಿಂತ ನಿಧಾನವಾಗಿ ಅವನ ಬುದ್ಧಿ ಕಣಕ್ಕೆ ಬಂದು ತಲುಪಿತು. ಆ ಢಂ ಢಂ ತನ್ನದೇ.

ದೇರಪ್ಪ ಅವನ ಕೈಯಲ್ಲಿದ್ದ ಡ್ರಮ್ಮಿನ ಕೋಲನ್ನು ನೋಡಿದರು. "ಓ, ನೀನಾ ಬಾರಿಸಿದ್ದು?"

ಸುಳ್ಳು ಹೇಳುವಂತಿರಲಿಲ್ಲ. ತಲೆಯಾಡಿಸಿದ.

"ಎಷ್ಟಿತ್ತು?"

ಹೆದರಿಕೆಗೆ ಮಿಲನ್‌ಗೆ ಅರ್ಜೆಂಟಾಗಿ ಹೊರಗೆ ಹೋಗಬೇಕಾಗಿತ್ತು. ಕ್ಲಾಸಿನ ಅಭ್ಯಾಸದಂತೆ ಕಿರುಬೆರಳು ಎತ್ತಿದ.

"ಒಂದು," ಎಂದು ದೇರಪ್ಪ ಫೋನಿಗೆ ಹೇಳಿದರು. "ಒಂಟಿ ಸಲಗ. ಎಲ್ರೂ ಹುಷಾರು."

ಮಿಲನ್ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಆ ಸಂದೇಶ ನಾಲ್ಕು ಗ್ರೂಪು ಸುತ್ತಿ, ಐದು ಆನೆ ಮತ್ತು ಒಂದು ಮರಿ ಎಂದು ಬೆಳೆದು, ದೇರಪ್ಪನವರ ಫೋನಿಗೇ ವಾಪಸ್ಸು ಬಂದಿತ್ತು. "ಮೂರ್ನಾಡು ಕಡೆ ಬೇರೆ ಐದು ಬಂದಿದ್ದಾವಂತೆ," ಎಂದು ಅವರು ಇನ್ನಷ್ಟು ಗಾಬರಿಯಾದರು. ಅರಣ್ಯ ಇಲಾಖೆಗೆ ಫೋನ್ ಹೋಯಿತು. ಇಲಾಖೆಯ ವಾಚರ್, ಚಿಕ್ಕ ಎಂಬವನು, ಇಬ್ಬರನ್ನು ಕರೆದುಕೊಂಡು ತೋಡಿನ ಕಡೆ ಇಳಿದಾಯಿತು.

ಅಷ್ಟರಲ್ಲಿ ಕೃತಜ್ಞತೆ ಶುರುವಾಯಿತು.

"ಊಟ ಮುಗೀತಿದ್ದಂಗೆ ಇವ್ರನ್ನೆಲ್ಲ ಆ ತೋಡಿನ ಬ್ಲಾಕಿಗೇ ಬಿಡೋನಿದ್ದೆ ಕಣಪ್ಪ," ಎಂದು ರೇವಣ್ಣ ಮಿಲನ್‌ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

ಪಿಕಿಂಗ್‌ನ ನಿಂಗಮ್ಮ ತನ್ನ ಊಟದ ಡಬ್ಬಿ ಬಿಚ್ಚಿ ಎರಡು ಅಕ್ಕಿ ರೊಟ್ಟಿ ಅವನ ಕೈಗಿಟ್ಟಳು. "ತಿನ್ನು ಮಗ. ನಮ್ಮ ಜೀವ ಉಳಿಸ್ಬುಟ್ಟೆ. ನಿನ್ ಹೊಟ್ಟೆ ತಣ್ಣಗಿರ್ಲಿ."

ಒಬ್ಬೊಬ್ಬರಾಗಿ ಬಂದು ತಲೆ ಸವರಿದರು. ಮಿಲನ್ ಅಜ್ಜಿಯ ಕಡೆ ನೋಡಿದ. ಡ್ರಮ್ಮಿನ ಗುಟ್ಟು ಗೊತ್ತಿದ್ದವರು ಅಲ್ಲಿ ಅವರೊಬ್ಬರೇ. ಬೊಳ್ಳಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಮೆಲ್ಲಗೆ ಹೇಳಿದರು: "ಹೇಳ್ಬೇಕು ಅನ್ಸಿದ್ರೆ ಹೇಳು ಮಗಾ. ಇಲ್ದಿದ್ರೆ ರೊಟ್ಟಿ ತಿನ್ನು."

"ನಾಳೆ ಸ್ಕೂಲಿನ ಕಾರ್ಯಕ್ರಮ ಬೇಡ ಅಂತ ಈಗ್ಲೇ ಫೋನ್ ಮಾಡ್ತೇನೆ," ಎಂದರು ದೇರಪ್ಪ. "ಆನೆ ಇರುವಾಗ ಮಕ್ಕಳು ರಸ್ತೇಲಿ ನಡೆಯೋದಾ?"

ಮಿಲನ್‌ನ ಎದೆಯಲ್ಲಿ ದೀಪ ಹತ್ತಿಕೊಂಡಿತು. ಕಾರ್ಯಕ್ರಮವೇ ಇಲ್ಲದಿದ್ದರೆ ಡ್ರಮ್ಮೂ ಇಲ್ಲ, ಭಾಷಣವೂ ಇಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ.

"ಪಾಪ, ನಮ್ ಹುಡ್ಗಿ ಡ್ಯಾನ್ಸ್‌ಗೆ ಅಂತ ಒಂದ್ ತಿಂಗ್ಳಿಂದ ಕುಣೀತಾವ್ಳೆ," ಎಂದಳು ನಿಂಗಮ್ಮ. "ಹೋಗ್ಲಿ ಬುಡಿ. ಈ ಮಗ ಇಲ್ದಿದ್ರೆ ನಾನೇ ಇರ್ತಿರ್ಲಿಲ್ಲ."

ಮಿಲನ್ ಅರ್ಧ ತಿಂದಿದ್ದ ರೊಟ್ಟಿಯನ್ನು ಅಜ್ಜಿಯ ಪಕ್ಕದಲ್ಲಿಟ್ಟ. ಬೈದಿದ್ದರೆ ಮಿಲನ್ ತಡೆದುಕೊಳ್ಳುತ್ತಿದ್ದ, ಅದು ಅಭ್ಯಾಸವಿತ್ತು. ಈ ಪ್ರೀತಿಯನ್ನು ತಡೆಯಲಾಗಲಿಲ್ಲ.

"ಆನೆ ಇರ್ಲಿಲ್ಲ," ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಎಂದ. ಆಗ ಪಟಾಕಿ ಸಿಡಿಯಿತು. ದೇರಪ್ಪ ಫೋನ್ ಕಿವಿಗಿಟ್ಟಿದ್ದು ಕಂಡು, ಅವನು ಕಣದ ಮೂಲೆಯಲ್ಲಿ ಪೇರಿಸಿದ್ದ ಕಾಫಿ ಮೂಟೆಗಳ ಮೇಲೆ ಹತ್ತಿ, ಕಣ್ಣು ಮುಚ್ಚಿ ಕೂಗಿದ.

"ಎಲ್ರೂ ಕೇಳಿ. ಆನೆ ಇರ್ಲಿಲ್ಲ."

ಕಣ ಪೂರ್ತಿ ಅವನತ್ತ ತಿರುಗಿತು. ಹುಟ್ಟಿದಂದಿನಿಂದ ಅವನು ಹೆದರಿದ್ದು ಇದಕ್ಕೇ. ಬಂದೇಬಿಟ್ಟ ಮೇಲೆ ಮುಂದೆ ಹೆದರಲು ಏನೂ ಉಳಿದಿರಲಿಲ್ಲ. ಮಾತು ತಾನಾಗಿ ಹರಿಯಿತು. ಡ್ರಮ್ಮಿನ ಮರೆಯಲ್ಲಿ ನಿಲ್ಲುವ ಆಸೆ, ಮೇಷ್ಟ್ರ ಜೇಬಿನ ಕಾಗದ, ವಿರಾಜಪೇಟೆಯ ಬಸ್ ಸ್ಟ್ಯಾಂಡು, ಕಿರುಬೆರಳು, ಒಂದನ್ನೂ ಬಿಡಲಿಲ್ಲ.

"ನಿಮ್ಮನ್ನೆಲ್ಲ ಹೆದರಿಸ್ದೆ. ಕೆಲಸ ನಿಲ್ಲಿಸ್ದೆ. ಆದ್ರೂ ನೀವು ನಂಗೆ ನಿಮ್ಮ ಊಟ ಕೊಟ್ರಿ. ಇಷ್ಟು ಒಳ್ಳೆಯವ್ರಿಗೆ ಸುಳ್ಳು ಹೇಳಿ ರೊಟ್ಟಿ ತಿನ್ನೋಕೆ ನಂಗೆ ಆಗಲ್ಲ. ನಿಂಗಮ್ಮಕ್ಕನ ಮಗಳು ನಾಳೆ ಕುಣೀಲಿ. ತಪ್ಪಾಯ್ತು. ನಿಮ್ಗೆಲ್ಲ ನಮಸ್ಕಾರ."

ಮನೆಯ ಗೇಟಿನ ಕಡೆಯಿಂದ ಒಂದು ಚಪ್ಪಾಳೆ ಕೇಳಿಸಿತು. ಗ್ರೂಪಿನ ಸಂದೇಶ ಕಂಡು, ಹುಡುಗನ ಮತ್ತು ಡ್ರಮ್ಮಿನ ಯೋಗಕ್ಷೇಮಕ್ಕೆಂದು ಓಡಿಬಂದಿದ್ದ ಚಿದಾನಂದ ಮೇಷ್ಟ್ರು ಹೆಲ್ಮೆಟ್ ತೆಗೆಯದೆ ವಾಚು ನೋಡುತ್ತಿದ್ದರು.

"ಮೂರು ನಿಮಿಷ ಹತ್ತು ಸೆಕೆಂಡು. ಗೇಟಿಗೆ ಒಂದೊಂದು ಮಾತೂ ಕೇಳಿಸ್ತು."

ಮಿಲನ್‌ಗೆ ಅಪಾಯದ ವಾಸನೆ ಬಡಿಯಿತು. "ಸಾರ್, ಡ್ರಮ್ಮೂ ಕೇಳಿಸಿದೆ. ನಾಲ್ಕು ತೋಟ ದಾಟಿ ಕೇಳಿಸಿದೆ. ಬೇಕಾದ್ರೆ ಇವ್ರನ್ನ ಕೇಳಿ."

ಮೇಷ್ಟ್ರು ನ್ಯಾಯವಂತರು. ಯೋಚಿಸಿ ನಕ್ಕರು. "ಅದೂ ಸರಿ. ಮಾತು ಅಂದ್ರೆ ಮಾತು. ಡ್ರಮ್ ನಿಂದೇ. ಎಲ್ಲುಂಟು, ತಗೊಂಡು ಬಾ."

ಮಿಲನ್ ಮೂಟೆಯಿಂದ ಇಳಿದ. ನಿಂಗಮ್ಮ ಬೈಯಲಿಲ್ಲ, ಸೆರಗಿನಲ್ಲಿ ಅವನ ಬೆವರು ಒರೆಸಿದಳು. ಜಗತ್ತು ಇಷ್ಟು ಒಳ್ಳೆಯದೆಂದು ಅವನಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಇನ್ನೇನು ತೋಡಿನ ಕಡೆ ಹೊರಡಬೇಕು, ಆಗ ಕಾಫಿ ಗಿಡಗಳ ನಡುವಿನಿಂದ ವಾಚರ್ ಚಿಕ್ಕ ಮೇಲೆ ಬಂದ. ಅವನ ಕಂಕುಳಲ್ಲಿ ತಟ್ಟೆಯಂತೆ ಚಪ್ಪಟೆಯಾದ ಏನೋ ಇತ್ತು. ಅದರ ಒಂದು ಅಂಚಿನಲ್ಲಿ ಸ್ಕೂಲಿನ ಹೆಸರು ಅರ್ಧ ಉಳಿದಿತ್ತು.

"ಇದು ಯಾರ್ದು?" ಎಂದು ಕೇಳಿದ ಚಿಕ್ಕ. "ಸಲಗ ಬೆಳಗ್ಗಿಂದ ಆ ಬಿದಿರು ಮೆಳೆ ಹಿಂದೇನೇ ನಿಂತಿತ್ತು. ಲದ್ದಿ ಇನ್ನೂ ಬಿಸಿ ಉಂಟು. ಡ್ರಮ್ ಇದ್ದ ಜಾಗದಿಂದ ಎಂಟು ಮಾರು, ಅಷ್ಟೇ. ಇದನ್ನ ತುಳಿದು, ತೋಡು ದಾಟಿ ಆಚೆ ಕಾಡಿಗೆ ಹೋಗಿದೆ. ಇನ್ನು ಹೆದರಿಕೆ ಇಲ್ಲ."

"ಒಂದೇನಾ?" ಎಂದರು ದೇರಪ್ಪ.

"ಒಂದೇ."

"ನಾನು ಹಾಕಿದ್ದೂ ಒಂದೇ," ಎಂದು ದೇರಪ್ಪ ಎಲ್ಲರ ಮುಖ ನೋಡಿದರು.

ರೇವಣ್ಣ ಕೈಮುಗಿದ. ಇಪ್ಪತ್ತು ಹೆಂಗಸರು ಒಮ್ಮೆಗೇ ಮಿಲನ್‌ನನ್ನು ಸುತ್ತುವರಿದರು. ಜೀವ ಉಳಿಸಿದ್ದಲ್ಲದೆ ಅದನ್ನು ತನ್ನದಲ್ಲ ಎನ್ನುವ ಇಂಥ ಮಗುವನ್ನು ತಾನು ಕಂಡೇ ಇಲ್ಲ ಎಂದು ನಿಂಗಮ್ಮ ಅತ್ತೇಬಿಟ್ಟಳು.

ಚಿದಾನಂದ ಮೇಷ್ಟ್ರು ಡ್ರಮ್ಮನ್ನು ತಿರುಗಿಸಿ ಮುರುಗಿಸಿ ನೋಡಿ, ಗೋಡೆಗೆ ಒರಗಿಸಿಟ್ಟರು. ಆಮೇಲೆ ಅವರ ಕೈ ಜೇಬಿಗೆ ಹೋಯಿತು. "ಡ್ರಮ್ ಇಲ್ವಲ್ಲ ಮಿಲನ್. ಇನ್ನು ಉಳಿದಿದ್ದು ಒಂದೇ." ಕಾಗದ ಬಿಚ್ಚಿ, ಓದಿ, ಹರಿದುಹಾಕಿದರು. "ಇದೂ ಬೇಡ. ಈಗ ಹೇಳಿದ್ಯಲ್ಲ, ಅದನ್ನೇ ಹೇಳು. ಮೂರು ನಿಮಿಷ ಸಾಲದು, ಹತ್ತು ತಗೋ."

"ಎಸ್ಟೇಟಿನ ಕೂಲಿ ಲೈನ್ ಮನೆಯವ್ರೆಲ್ಲ ಬತ್ತೀವಿ," ಎಂದಳು ನಿಂಗಮ್ಮ. "ಮುಂದಿನ ಸಾಲಲ್ಲೇ ಕೂತ್ಕತೀವಿ."

ದೇರಪ್ಪ ಆಗಲೇ ಗ್ರೂಪಿಗೆ ಹಾಕಿಯಾಗಿತ್ತು: 'ನಾಳೆ ಬೆಳಗ್ಗೆ ಸ್ಕೂಲಿನಲ್ಲಿ ಆನೆ ಓಡಿಸಿದ ಹುಡುಗನ ಭಾಷಣ. ಎಲ್ಲರೂ ಬನ್ನಿ.' ಅದು ಎಷ್ಟು ಗ್ರೂಪು ಸುತ್ತಿ ಎಷ್ಟು ಬೆಳೆಯುತ್ತದೆಂದು ಮಿಲನ್‌ಗೆ ಈಗ ಅಂದಾಜಿತ್ತು.

ಅವನು ಅಜ್ಜಿಯ ಪಕ್ಕ ಕುಳಿತು ಉಳಿದ ರೊಟ್ಟಿ ತಿಂದ. ಕಣದ ತುಂಬ ನಿಂತಿದ್ದ ಅಷ್ಟೂ ಮಂದಿಯ ಮೇಲೆ ಅವನಿಗೆ ಪ್ರೀತಿ ಉಕ್ಕಿತು. ಬೆನ್ನ ಹಿಂದೆ ಎಂಟೇ ಮಾರು ದೂರ ನಿಂತು, ಅಷ್ಟು ಹೊತ್ತು ತನ್ನ ಡ್ರಮ್ ಕೇಳಿ, ತನ್ನನ್ನು ಮುಟ್ಟದೆ ಬಿಟ್ಟ ಆ ಸಲಗಕ್ಕೂ ಮನಸಾರೆ ಕೈಮುಗಿದ. ಆಮೇಲೆ ಗೋಡೆಗೆ ಒರಗಿದ್ದ ಡ್ರಮ್ಮಿನ ಕಡೆ ನೋಡಿದ. ಇಷ್ಟು ದೊಡ್ಡ ತೋಟದಲ್ಲಿ ಆ ಆನೆಗೆ ಕಾಲಿಡಲು ಬೇರೆ ಜಾಗವೇ ಸಿಗಲಿಲ್ಲವಲ್ಲ ಎಂದುಕೊಂಡ.