ಯಾರಿಗೆ ಎಂಥಾ ಗಾದಿ?

ಬನಹಟ್ಟಿಯ ಒಂದು ಗಾದಿ ಅಂಗಡಿಯಲ್ಲಿ ಹದಿನೈದು ವರ್ಷ ಗಿರಾಕಿ ನೋಡಿದವನು ನಾನು. ಜನ ಹತ್ತಿ ಗಾದಿ ಬಿಟ್ಟು ಫೋಮಿನ ಕಡೆ ಹೊರಳುತ್ತಿದ್ದ ಕಾಲ ಅದು. "ಮೆತ್ತಗಿನ ಧಂದೆ, ನಿನಗೇನ ಕಡಿಮ್ಯಾಗೇತಿ?" ಅಂತ ಗೆಳೆಯರು ಕಾಡುತ್ತಿದ್ದರು. ಆದರೆ ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ನನ್ನ ಎದೆ ಡವಡವ. ಯಾವ ವಯಸ್ಸಿನವರಿಗೆ ಏನು ಬೇಕು ಅಂತ ತಿಳಿದುಕೊಂಡೆ ಅನ್ನುವಷ್ಟರಲ್ಲಿ ಇನ್ನೊಬ್ಬರು ಬಂದು ಅದನ್ನೆಲ್ಲ ತಲೆಕೆಳಗು ಮಾಡುತ್ತಿದ್ದರು.

೧. ಮಲಗಿ ನೋಡ್ರಿ

ಕೆಲಸಕ್ಕೆ ಸೇರಿದ ಹೊಸತು. ಹೊಸದಾಗಿ ಮದುವೆಯಾದ ಜೋಡಿ ಬಂತು, ಜೊತೆಗೆ ಹುಡುಗನ ತಾಯಿ. ಹುಡುಗ ಗಾದಿಯ ತುದಿಯನ್ನು ಒಂದೇ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಮಾಲೀಕರು ಕಲಿಸಿದಂತೆ ನಾನು ದೊಡ್ಡ ದನಿಯಲ್ಲಿ, "ಹಂಗ ಗೊತ್ತಾಗಂಗಿಲ್ರಿ. ಇಬ್ಬರೂ ಒಮ್ಮೆ ಮಲಗಿ ನೋಡ್ರಿ" ಅಂದೆ.

ಹುಡುಗಿ ಗೋಡೆ ಕಡೆ ತಿರುಗಿದಳು. ಹುಡುಗ ಫ್ಯಾನು ನೋಡುತ್ತ ನಿಂತ. ತಾಯಿ ನನ್ನ ಹತ್ತಿರ ಬಂದು, "ನಿಮ್ಮ ಮನ್ಯಾಗ ಹಿರ್ಯಾರು ಇಲ್ಲೇನೋ ತಮ್ಮಾ?" ಅಂದರು. ಮೂವರೂ ಹಿಂದೆ ನೋಡದೆ ಇಳಿದು ಹೋದರು. ಮಾಲೀಕರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮರುವಾರ ಅದೇ ವಯಸ್ಸಿನ ಇನ್ನಿಬ್ಬರು. ನನಗೆ ಬುದ್ಧಿ ಬಂದಿತ್ತಲ್ಲ, ಮೆಲ್ಲಗೆ ಹೇಳಿದೆ: "ನಾಚಕೋಬ್ಯಾಡ್ರಿ. ಮಲಗೂದೂ ಬ್ಯಾಡ. ಹೊಸ ಜೋಡಿಗೆ ಯಾವುದು ಬೇಕು ನನಗ ಗೊತ್ತೈತಿ."

ಹುಡುಗಿಯ ಕಣ್ಣು ಕೆಂಪಾದವು. "ಇಂವ ನಮ್ಮಣ್ಣ ಅದಾನ್ರಿ! ಅಪ್ಪಗ ಗಾದಿ ಒಯ್ಯಾಕ ಬಂದೇವಿ!"

೨. ಸದ್ದಿಲ್ಲದ ಮನಿ

ರಬಕವಿಯ ನೇಕಾರರೊಬ್ಬರು, ವಯಸ್ಸು ಐವತ್ತೈದರ ಆಸುಪಾಸು. ಒಂದು ಮಧ್ಯಾಹ್ನ ಟಂಟಂ ಆಟೋದಲ್ಲಿ ಗಾದಿ ಹೇರಿಕೊಂಡು ಬಂದು ಅಂಗಡಿ ಮುಂದೆ ಇಳಿಸಿದರು. ಹಿಂದೆಯೇ ಅವರ ಹೆಂಡತಿ.

"ಎಂಟು ದಿನದಾಗ ಇದು ಎರಡನೇ ಗಾದಿ! ಕಣ್ಣಿಗೆ ಕಣ್ಣ ಹತ್ತಿಲ್ಲ. ಜನರಿಗೆ ಏನ ಮಾರಾಕತ್ತೀರಿ?" ಅಂತ ನೇಕಾರರು ಕೂಗಾಡಿದರು.

ರಸ್ತೆಯಲ್ಲಿ ಹೋಗುವವರೆಲ್ಲ ನಿಂತರು. ಒಳಗಿದ್ದ ಇಬ್ಬರು ಗಿರಾಕಿಗಳು ಚಪ್ಪಲಿ ಹುಡುಕತೊಡಗಿದರು.

"ಮೆತ್ತಗ ಆತೇನ್ರಿ?" ಅಂದೆ. "ಇಲ್ಲ." "ಬಿರುಸ ಆತೇನ್ರಿ?" "ಇಲ್ಲ." "ಬೆನ್ನ ನೋಯತೈತೇನ್ರಿ?" "ನನ್ನ ಬೆನ್ನಿಗೇನ ಧಾಡಿ?"

ಆಗ ಹೆಂಡತಿ ಬಾಯಿ ಬಿಟ್ಟರು. "ಮೂವತ್ತ ವರ್ಷ ಮಗ್ಗದ ಮಗ್ಗಲಾಗ ಮಲಗ್ಯಾರ್ರಿ. ಈಗ ಮಗ ಬ್ಯಾರೆ ಶೆಡ್ ಕಟ್ಟಿಸಿ ಮಗ್ಗ ಎಲ್ಲಾ ಅಲ್ಲಿಗೆ ಒಯ್ದಾನ. ಮನಿ ಗಪ್ಪಾಗೇತಿ. ಖಟಕ್ ಖಟಕ್ ಕೇಳಲಿಲ್ಲಂದ್ರ ಇವರಿಗೆ ನಿದ್ದಿ ಬರಂಗಿಲ್ಲ."

ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಸ್ಪ್ರಿಂಗ್ ಗಾದಿ ಇತ್ತು. ಕೂತರೂ ಕಿರ್ರ್, ಎದ್ದರೂ ಕಿರ್ರ್. ದೇವರ ಮೇಲೆ ಭಾರ ಹಾಕಿ ಅದನ್ನು ಎಳೆದು ಹಾಸಿದೆ. ಅವರು ಸಿಟ್ಟಿನಲ್ಲೇ ಬಿದ್ದುಕೊಂಡರು. ಎಡಕ್ಕೆ ಹೊರಳಿದರು, ಕಿರ್ರ್. ಬಲಕ್ಕೆ ಹೊರಳಿದರು, ಕಿರ್ರ್. ಮುಖದ ಗಂಟು ಸಡಿಲಾಯಿತು. ಐದು ನಿಮಿಷದಲ್ಲಿ ಗೊರಕೆ!

ನಾನು ಎಬ್ಬಿಸಲು ಹೋದರೆ ಹೆಂಡತಿ ಕೈ ಅಡ್ಡ ಹಿಡಿದರು. "ಬ್ಯಾಡೋ ತಮ್ಮಾ, ಮಲಗ್ಲಿ. ನಾನು ಸಂತಿ ಮಾಡ್ಕೊಂಡ ಬರ್ತೇನಿ."

೩. ಚೈನಿನ ಗಾದಿ

ಚಿಮ್ಮಡದ ಒಬ್ಬ ಅಜ್ಜಿ ಮಗ, ಸೊಸೆಯ ಜೊತೆ ಬಂದಳು. ಎಂಬತ್ತು ದಾಟಿತ್ತು. ಏಳಲು ಕೂರಲು ಹಗುರ ಅಂತ ತೆಂಗಿನ ನಾರಿನ ಬಿರುಸು ಗಾದಿ ತೋರಿಸಿದೆ. ಬ್ಯಾಡ. ಫೋಮಿನದು? ಅದೂ ಬ್ಯಾಡ. ಪ್ರತಿ ಗಾದಿಯ ಅಂಚನ್ನೂ ಸವರಿ ಮುಖ ಸಿಂಡರಿಸುತ್ತಿದ್ದಳು. ಒಂದು ತಾಸಾಯಿತು. ಸೊಸೆ ಹಲ್ಲು ಕಡಿಯತೊಡಗಿದ್ದಳು.

ಅಜ್ಜಿ ಅವರಿಬ್ಬರನ್ನೂ ಚಹಾ ಕುಡಿಯಲು ಕಳಿಸಿ, "ತಮ್ಮಾ, ಚೈನ್ ಇದ್ದದ್ದು ತೋರಸೋ" ಅಂದಳು. ಕವರಿಗೆ ಚೈನಿದ್ದ ಗಾದಿ ತಂದೆ. ಅವಳು ಚೈನು ಬಿಚ್ಚಿ ಮೊಳಕೈತನಕ ಕೈ ತೂರಿಸಿ ನಕ್ಕಳು. "ಇದಾತು. ಯಾರ ಮುಂದೂ ಹೇಳಬ್ಯಾಡ." ಏನು ಹೇಳಬಾರದು ಅಂತ ತಿಳಿಯದೆಯೇ ತಲೆಯಾಡಿಸಿದೆ.

ಇಪ್ಪತ್ತು ದಿನಕ್ಕೆ ಟ್ರ್ಯಾಕ್ಟರ್ ಬಂತು. ಅದರಲ್ಲಿ ಗಾದಿ, ಗಾದಿಯ ಮೇಲೆ ಅಜ್ಜಿ. ಮಗ, ಸೊಸೆ ಸೇರಿ ಅಜ್ಜಿಯನ್ನೂ ಗಾದಿಯನ್ನೂ ಕೆಳಗಿಳಿಸಿದರು. ಇಳಿಸಿದ್ದೇ ತಡ, ಸೊಸೆ ಶುರು ಮಾಡಿದಳು.

"ನಿಮ್ಮ ಗಾದಿಗೆ ಇರುವಿ ಹತ್ತ್ಯಾವ! ನಮ್ಮ ಅತ್ತಿಗೂ ಇವರಿಗೂ ಸಕ್ಕರಿ ಬ್ಯಾನಿ ಐತಿ. ಡಾಕ್ಟರ್ ಹೇಳಿದಾಗಿಂದ ಮನ್ಯಾಗ ಸಿಹಿ ಅನ್ನೂದನ್ನ ಇಟ್ಟಿಲ್ಲ. ಇರುವಿ ಎಲ್ಲಿಂದ ಬಂದ್ವು?"

ನನಗೆ ಈಗ ಗೊತ್ತಾಯಿತು. ಅಜ್ಜಿ ಕಣ್ಣಲ್ಲೇ ನನಗೆ ಕೈಮುಗಿಯುತ್ತಿದ್ದಳು. ನಾನು ಹಣೆ ಒರೆಸಿಕೊಂಡೆ. ವಿಚಿತ್ರ ಅಂದರೆ, ಮಗನ ಹಣೆಯ ಮೇಲೂ ಬೆವರು. "ಬಿಡ ಅತ್ಲಾಗ, ಮನಿಗೆ ಹೋಗೂಣು" ಅನ್ನುತ್ತಿದ್ದ.

ಸೊಸೆ ಕೇಳಲಿಲ್ಲ. ಸರ್ರನೆ ಚೈನು ಎಳೆದಳು. ಮೊದಲು ಬೆಲ್ಲದ ಹೆಂಟೆಗಳು ಉರುಳಿದವು. ಹಿಂದೆಯೇ ಒಂದು ಕಾಗದದ ಪೊಟ್ಟಣ ಬಿದ್ದು ಒಡೆಯಿತು. ತುಂಬ ಶೇಂಗಾ ಚಿಕ್ಕಿ.

"ಅತ್ತೀ!"

ಅಜ್ಜಿ ತಲೆ ತಗ್ಗಿಸಿದಳು. "ಬೆಲ್ಲ ನಂದ ಐತವ್ವಾ. ಇಲ್ಲ ಅನ್ನಂಗಿಲ್ಲ. ಆದ್ರ ಚಿಕ್ಕಿ ನಂದಲ್ಲ." ಬಾಯಿ ಅಗಲಿಸಿ ತೋರಿಸಿದಳು. "ನನಗ ಹಲ್ಲೆಲ್ಲಿ ಅದಾವು?"

ಎಲ್ಲರೂ ಮಗನ ಕಡೆ ತಿರುಗಿದೆವು. ಆತ ಟ್ರ್ಯಾಕ್ಟರಿನ ಟೈರು ಪರೀಕ್ಷೆ ಮಾಡತೊಡಗಿದ.

ಸೊಸೆ ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಇನ್ನೇನು ಸಿಡಿಲು ಬಡಿಯಿತು ಅಂತ ನಾನು ಕೌಂಟರಿನ ಹಿಂದೆ ಸರಿದೆ. ಅವಳು ತಣ್ಣಗೆ ಕೇಳಿದಳು:

"ಅಣ್ಣಾರ, ಕೀಲಿ ಹಾಕೂ ಗಾದಿ ಅದಾವೇನ್ರಿ?"